ಮತ್ತೆ ಓದಲು ಕೂತವರಿಗೆ: ನಮ್ಮೂರ ಗ್ರಂಥಾಲಯದಿಂದ ಯಾವ ಪುಸ್ತಕ ತರಬೇಕು, ಹೇಗೆ ಆರಿಸಬೇಕು

ಸಿರಸಿಯಲ್ಲಿರಲಿ, ಕಾರವಾರದಲ್ಲಿರಲಿ, ಗ್ರಂಥಾಲಯಕ್ಕೆ ಬಂದು ಕಪಾಟಿನ ಮುಂದೆ ಐದು ನಿಮಿಷ ನಿಂತು, ನಾಲ್ಕು ಪುಸ್ತಕದ ಬೆನ್ನು ಸವರಿ, ಕೊನೆಗೆ ಪೇಪರ್ ಓದಿ ಎದ್ದು ಹೋಗುವವರನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನವರು ನಲವತ್ತು ದಾಟಿದವರು. ಕಾಲೇಜಿನಲ್ಲಿದ್ದಾಗ ಚೆನ್ನಾಗಿಯೇ ಓದುತ್ತಿದ್ದವರು. ಆಮೇಲೆ ನೌಕರಿ, ತೋಟ, ಮಕ್ಕಳ ಶಾಲೆ, ಮೊಬೈಲು ಅಂತ ಇಪ್ಪತ್ತು ವರ್ಷ ಕಳೆದುಹೋಗಿದೆ. ಓದುವ ಆಸೆ ಹೋಗಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಂಡುಕೊಂಡ ಮಾತು ಒಂದೇ. ಓದು ಬಿಟ್ಟವರನ್ನು ಮರಳಿ ಕರೆದುಕೊಂಡು ಬರುವುದು ಹತ್ತಿರದ ಪುಸ್ತಕ. ತಮ್ಮ ಊರಿನದು, ತಮಗೆ ಗೊತ್ತಿರುವ ಮಳೆ, ಮನೆ, ಮಾತು ಇರುವಂಥದು. ಅಲ್ಲಿಂದ ಮೆಲ್ಲಗೆ ದೂರ ಹೋಗಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗಂತೂ ಇದು ಸುಲಭ. ಹನೇಹಳ್ಳಿ, ಗೋಕರ್ಣ, ಅಂಕೋಲೆ ಕಡೆಯವರು ಕನ್ನಡಕ್ಕೆ ಕೊಟ್ಟಷ್ಟು ಒಳ್ಳೆಯ ಕತೆಗಳನ್ನು ಇನ್ನೊಂದು ಕಡೆಯವರು ಕೊಟ್ಟಿರುವುದು ಕಡಿಮೆ.

ಮೊದಲ ಹೆಜ್ಜೆ: ಕಾರ್ಡು ಮಾಡಿಸಿ

ಕಾರವಾರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ತಾಲೂಕು ಊರುಗಳಲ್ಲಿ ಶಾಖಾ ಗ್ರಂಥಾಲಯ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲೇ ಕೂತು ಓದಲು ಯಾವ ಕಾರ್ಡೂ ಬೇಡ. ಮನೆಗೆ ತರಬೇಕಾದರೆ ಸದಸ್ಯರಾಗಬೇಕು. ಒಂದು ಅರ್ಜಿ, ಫೋಟೋ, ವಿಳಾಸಕ್ಕೆ ಆಧಾರ್ ಪ್ರತಿ, ಸ್ವಲ್ಪ ಠೇವಣಿ. ಠೇವಣಿಯ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.

ಸಂಕೋಚ ಬೇಡ. ಮನೆ ತೆರಿಗೆ ಕಟ್ಟಿದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ವಸೂಲಾಗುವ ಹಣ ಅದು. ಅಲ್ಲಿರುವ ಪುಸ್ತಕಗಳಿಗೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ತರದೆ ಇದ್ದರೆ ನಷ್ಟ ನಿಮಗೇ.

ಇನ್ನೊಂದು ಸಣ್ಣ ಸಂಗತಿ: ಭಾನುವಾರ ಬಾಗಿಲು ತೆರೆದಿದ್ದು ಸೋಮವಾರ ರಜೆ ಇರುವುದು ರೂಢಿ. ಹಳ್ಳಿಯಿಂದ ಬಸ್ಸು ಹತ್ತಿ ಬರುವವರು ಬಾಗಿಲಲ್ಲಿ ಹಾಕಿರುವ ವೇಳೆಯನ್ನು ಮೊದಲ ಸಲವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೇ ಹೆಜ್ಜೆ: ಯಾವಾಗ ಓದುತ್ತೀರಿ ಅಂತ ಮೊದಲು ತೀರ್ಮಾನಿಸಿ

ಯಾವ ಪುಸ್ತಕ ಅಂತ ಕೇಳುವ ಮುಂಚೆ ಇದನ್ನು ಕೇಳಿಕೊಳ್ಳಿ. ರಾತ್ರಿ ಊಟ ಆದಮೇಲೆ ಇಪ್ಪತ್ತು ನಿಮಿಷವೇ? ಬಸ್ಸಿನಲ್ಲಿ ಹೋಗಿ ಬರುವಾಗಲೇ? ಮಧ್ಯಾಹ್ನ ಎರಡು ಗಂಟೆ ಪೂರ್ತಿ ಬಿಡುವೇ? ಇಪ್ಪತ್ತು ನಿಮಿಷದವರು ದಪ್ಪ ಕಾದಂಬರಿ ತಂದರೆ ದಿನಾ ಹಿಂದಿನ ಎರಡು ಪುಟ ತಿರುವುವುದರಲ್ಲೇ ವೇಳೆ ಮುಗಿಯುತ್ತದೆ. ಅವರಿಗೆ ಸಣ್ಣಕತೆ, ಅಂಕಣ, ಪದ್ಯ. ಸಿರಸಿಯಿಂದ ಕುಮಟಾಕ್ಕೆ ಘಟ್ಟ ಇಳಿಯುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ. ಆದರೆ ದೇವಿಮನೆ ಘಟ್ಟದ ತಿರುವಿನಲ್ಲಿ ಪುಸ್ತಕ ಮುಚ್ಚಿಡಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ.

ಮೀನುಗಾರಿಕೆಯ ಮನೆಯವರಿಗೆ ಮಳೆಗಾಲವೇ ಓದುವ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಬಲೆ ರಿಪೇರಿ ಇರುತ್ತದೆ, ನಿಜ. ಆದರೂ ಆ 61 ದಿನದಲ್ಲಿ ಒಂದು ದಪ್ಪ ಕಾದಂಬರಿಯನ್ನು ನಿಧಾನವಾಗಿ ಮುಗಿಸಬಹುದು. ಅಡಿಕೆ ತೋಟದವರಿಗೆ ಲೆಕ್ಕ ಬೇರೆ. ಕೊನೆಕೊಯ್ಲು ಶುರುವಾದರೆ ಕೈಯಲ್ಲಿ ಪುಸ್ತಕ ಹಿಡಿಯಲು ಆಗುವುದಿಲ್ಲ. ಅವರಿಗೆ ಬೇರೆ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಕಣ್ಣಿನ ಮಾತೂ ಮುಖ್ಯ. ಹಳೆಯ ಮುದ್ರಣಗಳಲ್ಲಿ ಅಕ್ಷರ ಬಹಳ ಸಣ್ಣದು, ಕಾಗದ ಹಳದಿಯಾಗಿರುತ್ತದೆ. ಅದೇ ಪುಸ್ತಕದ ಹೊಸ ಮುದ್ರಣ ಪಕ್ಕದಲ್ಲೇ ಇರಬಹುದು. ಕಿಟಕಿಯ ಹತ್ತಿರ ಒಯ್ದು ತೆರೆದು ನೋಡಿ. ಬೆಳಕಿನಲ್ಲೇ ಕಷ್ಟವಾದರೆ ರಾತ್ರಿ ದೀಪದಲ್ಲಿ ಖಂಡಿತ ಆಗುವುದಿಲ್ಲ.

ಮೂರನೇ ಹೆಜ್ಜೆ: ತಾರೀಕಿನ ಚೀಟಿ ನೋಡಿ

ಇದು ನನಗೆ ಬಹಳ ಇಷ್ಟದ ಭಾಗ. ಗ್ರಂಥಾಲಯದ ಪುಸ್ತಕದ ಮೊದಲ ಅಥವಾ ಕೊನೆಯ ಹಾಳೆಗೆ ಒಂದು ಚೀಟಿ ಅಂಟಿಸಿರುತ್ತಾರೆ. ವಾಪಸ್ ಕೊಡಬೇಕಾದ ತಾರೀಕುಗಳನ್ನು ಅದರ ಮೇಲೆ ಒತ್ತಿರುತ್ತಾರೆ. ಆ ಚೀಟಿಗಿಂತ ಒಳ್ಳೆಯ ಶಿಫಾರಸು ಇನ್ನೊಂದಿಲ್ಲ.

ಒಮ್ಮೆ ನನ್ನ ಕೈಗೆ ಒಂದು ತೆಳ್ಳಗಿನ ಕಥಾಸಂಕಲನ ಬಂತು. ಹೊದಿಕೆ ಹೋಗಿ ಕಂದು ಬಣ್ಣದ ರಟ್ಟು ಹಾಕಿದ್ದರು. ಬೆನ್ನಿನ ಮೇಲೆ ಹೆಸರು ಓದಲಿಕ್ಕೂ ಆಗುತ್ತಿರಲಿಲ್ಲ. ಚೀಟಿ ನೋಡಿದರೆ ನೀಲಿ ಮಸಿಯ ತಾರೀಕುಗಳು ಒಂದರ ಕೆಳಗೆ ಒಂದು, ನಡುವೆ ಹೆಚ್ಚು ಬಿಡುವೇ ಇಲ್ಲ. ಚೀಟಿ ತುಂಬಿ, ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು. ಅದೂ ಅರ್ಧ ತುಂಬಿತ್ತು. ಪುಟಗಳ ನಡುವೆ ಒಂದು ಹಳೆಯ ಬಸ್ ಟಿಕೆಟ್ಟು, ಬಣ್ಣ ಪೂರ್ತಿ ಹೋಗಿತ್ತು. ಯಾರೋ ಓದಿದಲ್ಲಿಗೆ ಗುರುತು ಇಟ್ಟುಕೊಂಡದ್ದು. ಯಾವ ಬಹುಮಾನದ ಸುದ್ದಿಯನ್ನೂ ನೋಡದೆ ಆ ಪುಸ್ತಕ ತಂದೆ. ಎರಡು ರಾತ್ರಿಯಲ್ಲಿ ಮುಗಿಯಿತು.

ಚೀಟಿಯನ್ನು ಹೀಗೆ ಓದಿ. ತಾರೀಕುಗಳು ಒತ್ತೊತ್ತಾಗಿದ್ದರೆ ನಮ್ಮೂರಿನ ಜನರೇ ಒಬ್ಬರಿಗೊಬ್ಬರು ಹೇಳಿ ಓದಿಸಿದ್ದಾರೆ ಅಂತ ಅರ್ಥ. ತಾರೀಕೇ ಇಲ್ಲದಿದ್ದರೆ ಪುಸ್ತಕ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಮೇಲಿನ ಹಲಗೆಯಲ್ಲಿ ಕೈಗೆ ಎಟುಕದೆ ಉಳಿದಿರಬಹುದು. ಒಂದು ಸಲಕ್ಕೆ ತುಂಬಿದ ಚೀಟಿಯದು ಒಂದು, ಖಾಲಿ ಚೀಟಿಯದು ಒಂದು ತನ್ನಿ. ಕಂಪ್ಯೂಟರ್‌ನಲ್ಲಿ ಬರೆದುಕೊಳ್ಳುವ ಕಡೆ ಚೀಟಿ ಇರುವುದಿಲ್ಲ. ಅಲ್ಲಿ ವಾಪಸ್ ಬಂದ ಪುಸ್ತಕಗಳನ್ನು ರಾಶಿ ಹಾಕಿದ ಮೇಜು ನೋಡಿ. ಊರಿನವರು ಈ ವಾರ ಏನು ಓದಿದರು ಅನ್ನುವುದು ಅಲ್ಲೇ ಇರುತ್ತದೆ.

ನಾಲ್ಕನೇ ಹೆಜ್ಜೆ: ನಿಂತಲ್ಲೇ ಎರಡು ಪುಟ

ಮೊದಲ ಪುಟ ಓದಿ. ಆಮೇಲೆ ನಡುವಿನ ಯಾವುದಾದರೂ ಒಂದು ಪುಟ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ; ನಡುವಿನ ಪುಟ ನಿಜ ಹೇಳುತ್ತದೆ. ಮುಂದೇನಾಯಿತು ಅಂತ ಹಾಳೆ ತಿರುವಬೇಕು ಅನಿಸಿತೇ, ತನ್ನಿ. ಅನಿಸಲಿಲ್ಲವೇ, ಎಷ್ಟೇ ದೊಡ್ಡವರು ಬರೆದಿರಲಿ, ಈಗ ಬೇಡ. ಬೆನ್ನುಡಿಯನ್ನು ಕೊನೆಗೆ ಓದಿ.

ಐದನೇ ಹೆಜ್ಜೆ: ಮೊದಲ ತಿಂಗಳು ನಮ್ಮ ಕಡಲ ಕತೆಗಳು

ಶುರು ಮಾಡುವುದಕ್ಕೆ ನಾನು ಎಲ್ಲರ ಕೈಗೂ ಮೊದಲು ಕೊಡುವುದು ಗೋಕರ್ಣದ ಜಯಂತ ಕಾಯ್ಕಿಣಿಯವರ ಪುಸ್ತಕ. ‘ಅಮೃತಬಳ್ಳಿ ಕಷಾಯ’ ಅಥವಾ ‘ತೂಫಾನ್ ಮೇಲ್’, ಎರಡರಲ್ಲಿ ಸಿಕ್ಕಿದ್ದು. ಮುಂಬಯಿಯ ಚಾಳು, ಲೋಕಲ್ ಟ್ರೇನು, ಆಸ್ಪತ್ರೆ, ಸಿನಿಮಾ ಟಾಕೀಸಿನ ಜನ ಅಲ್ಲಿ ಬರುತ್ತಾರೆ. ನಮ್ಮ ಕರಾವಳಿಯಲ್ಲಿ ಮುಂಬಯಿಗೆ ಯಾರೂ ಹೋಗಿರದ ಮನೆ ಇದೆಯೇ? ಓದುತ್ತಿದ್ದಂತೆ ನಿಮ್ಮ ಮಾವನೋ ಚಿಕ್ಕಪ್ಪನೋ ನೆನಪಾಗುತ್ತಾರೆ. ಕತೆಯೂ ಬೇಡ, ಇನ್ನೂ ಹಗುರಾಗಿರಲಿ ಅನ್ನುವವರಿಗೆ ಅವರದೇ ‘ಬೊಗಸೆಯಲ್ಲಿ ಮಳೆ’. ಅದು ಅಂಕಣ ಬರಹ. ಯಾವ ಪುಟದಿಂದ ಬೇಕಾದರೂ ಓದಬಹುದು.

ಎರಡನೆಯದು ಅಂಕೋಲೆಯ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ತೆಳ್ಳಗಿನ ಕಾದಂಬರಿ. ಬೆಂಗಳೂರಿನ ಒಂದು ಮನೆಗೆ ದಿಢೀರ್ ದುಡ್ಡು ಬರುತ್ತದೆ, ಅದರ ಹಿಂದೆಯೇ ಮನೆಯವರ ನಡತೆ ಬದಲಾಗುತ್ತದೆ. ಇರುವೆಗಳ ಬಗ್ಗೆ ಅದರಲ್ಲಿ ಬರುವ ಭಾಗ ಓದಿದ ಮೇಲೆ ನಾನು ಅಡುಗೆಮನೆಯಲ್ಲಿ ಇರುವೆ ಕಂಡರೆ ಒಂದು ಗಳಿಗೆ ನಿಲ್ಲುತ್ತೇನೆ. ವಾಕ್ಯಗಳು ಸಣ್ಣವು, ಮಾತು ನೇರ, ಆದರೆ ಹೇಳದೆ ಬಿಟ್ಟಿದ್ದೇ ಜಾಸ್ತಿ. ಮುಗಿಸಿದ ದಿನವೇ ಇನ್ನೊಮ್ಮೆ ಓದಬೇಕು ಅನಿಸುವ ಪುಸ್ತಕ. ಇಷ್ಟವಾದರೆ ಕರಾವಳಿಯಲ್ಲೇ ನಡೆಯುವ ಅವರ ‘ಒಂದು ಬದಿ ಕಡಲು’ ಕಾದಂಬರಿಗೆ ಹೋಗಿ.

ಮೂರನೆಯವರು ಹನೇಹಳ್ಳಿಯ ಯಶವಂತ ಚಿತ್ತಾಲ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅವರ ‘ಶಿಕಾರಿ’ 1979ರಲ್ಲಿ ಬಂದ ದೊಡ್ಡ ಕಾದಂಬರಿ. ಮುಂಬಯಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾಗಪ್ಪನ ಸುತ್ತ ಬಲೆ ಬಿಗಿಯುತ್ತಾ ಹೋಗುವ ಕತೆ. ಕನ್ನಡದಲ್ಲಿ ಅಂಥದು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಆದರೆ ಅದರಿಂದ ಶುರು ಮಾಡಬೇಡಿ. ಗೆಳೆಯರೊಬ್ಬರಿಗೆ ನಾನು ಉತ್ಸಾಹದಲ್ಲಿ ಮೊದಲು ಅದನ್ನೇ ಕೊಟ್ಟೆ. ಅವರು ಅರವತ್ತು ಪುಟಕ್ಕೆ ನಿಲ್ಲಿಸಿದರು, ಆಮೇಲೆ ಆರು ತಿಂಗಳು ಗ್ರಂಥಾಲಯದ ಕಡೆಗೇ ಬರಲಿಲ್ಲ. ತಪ್ಪು ನನ್ನದು. ಮೊದಲು ಚಿತ್ತಾಲರ ಕತೆಗಳನ್ನು ಓದಿ. ‘ಕತೆಯಾದಳು ಹುಡುಗಿ’ ಸಂಕಲನ ಸಾಕಷ್ಟು ಗ್ರಂಥಾಲಯಗಳಲ್ಲಿ ಸಿಗುತ್ತದೆ. 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಅದಕ್ಕೆ ಬಂದಿದೆ. ಆಮೇಲೆ ‘ಮೂರು ದಾರಿಗಳು’. ಅದಾದ ಮೇಲೆ ‘ಶಿಕಾರಿ’. ಈ ಕ್ರಮದಲ್ಲಿ ಹೋದರೆ ನಾಗಪ್ಪ ಹನೇಹಳ್ಳಿಯನ್ನು ನೆನೆಯುವಾಗ ನಿಮಗೂ ಆ ಊರು ಪರಿಚಯವಾಗಿರುತ್ತದೆ.

ಆರನೇ ಹೆಜ್ಜೆ: ಪಕ್ಕದ ಸೀಮೆಗೆ ಹೋಗಿ

ಎರಡನೇ ತಿಂಗಳಿಗೆ ಘಟ್ಟ ಹತ್ತಬಹುದು, ಕಡಲಗುಂಟ ತೆಂಕಕ್ಕೂ ಇಳಿಯಬಹುದು. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಒಳ್ಳೆಯ ಮೊದಲ ಮೆಟ್ಟಿಲು. ಕಾಡಿನ ನಡುವೆ ತೋಟ ಮಾಡಿ, ದೂರ ಹೋದ ಮಗನಿಗಾಗಿ ಕಾಯುವ ಮುದುಕ ಗಂಡಹೆಂಡತಿ ಅದರಲ್ಲಿದ್ದಾರೆ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಇವತ್ತು ಅದೇ ಕತೆ ನಡೆಯುತ್ತಿದೆ, ಅಲ್ವಾ? ಪುಸ್ತಕ ಬಂದದ್ದು 1943ರಲ್ಲಿ. ಅದು ಹಿಡಿಸಿದರೆ ‘ಮರಳಿ ಮಣ್ಣಿಗೆ’ ತನ್ನಿ. ಮೂರು ತಲೆಮಾರು, ಕಡಲು, ಮಳೆ. ಅವಸರ ಮಾಡದೆ ಓದಬೇಕು. ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತಿದ್ದರು ಅನ್ನುವುದು ಹಿರಿಯರಿಗೆ ನೆನಪಿರಬಹುದು.

ಕಾಳಿ ಕಣಿವೆಯವರಿಗೆ, ಶರಾವತಿ ದಂಡೆಯವರಿಗೆ ಸಾಗರದ ನಾ. ಡಿಸೋಜರ ‘ಮುಳುಗಡೆ’ ಮತ್ತು ‘ದ್ವೀಪ’. ಅಣೆಕಟ್ಟಿಗೆ ಮನೆ ಬಿಟ್ಟವರ ಸಂಕಟವನ್ನು ಅಷ್ಟು ಸರಳವಾಗಿ ಬರೆದವರು ಕಡಿಮೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ನೂರೈವತ್ತು ಪುಟಗಳ ಆಸುಪಾಸಿನದು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣಿನ ಇಡೀ ಬದುಕು ಅದರಲ್ಲಿದೆ. ಓದುತ್ತಾ ಕೂತ ಅಜ್ಜಿಯರು ಪುಸ್ತಕ ಕೆಳಗಿಟ್ಟು ತಮ್ಮ ಮನೆಯ ಕತೆ ಹೇಳಲು ಶುರು ಮಾಡುವುದನ್ನು ನಾನು ಕಂಡಿದ್ದೇನೆ. ವೈದೇಹಿಯವರ ಕತೆಗಳು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ಕತೆಗಳು ಇದರ ಪಕ್ಕದಲ್ಲೇ ಇಟ್ಟು ಓದುವಂಥವು. ನಮ್ಮ ಜಿಲ್ಲೆಯ ಹಳಿಯಾಳದವರಾದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯನ್ನೂ ಮರೆಯಬೇಡಿ.

ಯಕ್ಷಗಾನದ ಆಟ, ತಾಳಮದ್ದಲೆ ರುಚಿ ಇದ್ದವರಿಗೆ

ನನಗೆ ಹಳೆಗನ್ನಡ, ನಡುಗನ್ನಡ ತಿಳಿಯುವುದಿಲ್ಲ ಅನ್ನುವವರು ನಮ್ಮಲ್ಲಿ ಬಹಳ. ಆದರೆ ಅದೇ ಜನ ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಸುಧನ್ವನ ಪಾತ್ರಧಾರಿ ಆಡಿದ ಅರ್ಥದ ಮೇಲೆ ವಾದ ಮಾಡುತ್ತಾರೆ! ಭಾಮಿನಿ, ವಾರ್ಧಕ ಷಟ್ಪದಿಗಳನ್ನು ಭಾಗವತರ ಬಾಯಲ್ಲಿ ಕೇಳಿ ಕೇಳಿ ಕಿವಿ ಪಳಗಿದೆ. ಕುಮಾರವ್ಯಾಸ ಬರೆದದ್ದು ಭಾಮಿನಿಯಲ್ಲಿ, ಲಕ್ಷ್ಮೀಶ ಬರೆದದ್ದು ವಾರ್ಧಕದಲ್ಲಿ. ಹಾಗಾಗಿ ನಿಮಗೆ ಅರ್ಧ ದಾರಿ ಆಗಲೇ ಸಾಗಿದೆ.

ಹೀಗೆ ಮಾಡಿ. ಲಕ್ಷ್ಮೀಶನ ಜೈಮಿನಿ ಭಾರತವನ್ನು ತಾತ್ಪರ್ಯ ಇರುವ ಮುದ್ರಣ ಕೇಳಿ ತನ್ನಿ. ಮೊದಲಿಂದ ಓದಬೇಡಿ. ನೀವು ನೋಡಿದ ಪ್ರಸಂಗ ಯಾವುದಿದೆ, ಸುಧನ್ವನದೋ ಚಂದ್ರಹಾಸನದೋ, ಅದನ್ನೇ ತೆರೆಯಿರಿ. ಒಂದು ಪದ್ಯವನ್ನು ಗಟ್ಟಿಯಾಗಿ ಮೂರು ಸಲ ಓದಿ, ಆಮೇಲೆ ತಾತ್ಪರ್ಯ ನೋಡಿ. ದಿನಕ್ಕೆ ನಾಲ್ಕು ಪದ್ಯ ಸಾಕು. ಇದೇ ದಾರಿಯಲ್ಲಿ ಕುಮಾರವ್ಯಾಸನ ಹತ್ತಿರವೂ ಹೋಗಬಹುದು. ಮಹಾಭಾರತದ ಪಾತ್ರಗಳನ್ನು ಪವಾಡ ಬಿಟ್ಟು, ಬರೀ ಮನುಷ್ಯರಾಗಿ ನೋಡಬೇಕು ಅನಿಸಿದರೆ ಎಸ್.ಎಲ್. ಭೈರಪ್ಪನವರ ‘ಪರ್ವ’ ಇದೆ. ಅದು ದಪ್ಪ ಪುಸ್ತಕ, ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಕತೆ ಕಾದಂಬರಿ ಬೇಡ ಅನ್ನುವವರಿಗೆ

ತೋಟ, ನೀರು, ಕಾಡಿನ ವಿಷಯ ಬೇಕಾದವರು ಸಿರಸಿ ತಾಲೂಕಿನವರೇ ಆದ ನಾಗೇಶ ಹೆಗಡೆಯವರ ಪುಸ್ತಕ ಹುಡುಕಿ. ‘ಇರುವುದೊಂದೇ ಭೂಮಿ’ಯಿಂದ ಶುರು ಮಾಡಬಹುದು. ಶಿವಾನಂದ ಕಳವೆಯವರ ‘ಕಾಡುನೆಲದ ಕಾಲಮಾನ’ ನಮ್ಮ ಕಾಡಿನದೇ ಕತೆ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಮಕ್ಕಳ ಜೊತೆ ಕೂತು ಓದಬಹುದು, ಎಲ್ಲರೂ ನಗುತ್ತಾರೆ.

ಜೀವನ ಚರಿತ್ರೆ ಇಷ್ಟಪಡುವವರಿಗೆ ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’. ಅವರ ಬಾಲ್ಯ ಕಳೆದದ್ದು ಸಿರಸಿಯಲ್ಲಿ. ನೀವು ದಿನಾ ನಡೆಯುವ ಊರು ಆಗ ಹೇಗಿತ್ತು ಅಂತ ಓದುವ ಸುಖವೇ ಬೇರೆ. ಕಾರವಾರದವರಿಗೂ ಇಂಥದೊಂದು ಪುಸ್ತಕ ಇದೆ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಇಲ್ಲಿಗೆ ಬಂದು ಇದ್ದರು. ಆಗ ಅವರಿಗೆ ಇಪ್ಪತ್ತೆರಡರ ಹರೆಯ. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದದ್ದನ್ನು ತಮ್ಮ ‘ಜೀವನಸ್ಮೃತಿ’ಯಲ್ಲಿ ಬರೆದಿದ್ದಾರೆ. ಆ ಭಾಗವನ್ನು ಓದಿ ಒಂದು ಸಂಜೆ ಕೋಡಿಬಾಗ ಸೇತುವೆಯ ಕಡೆ ಹೋಗಿ ಬನ್ನಿ.

ಪದ್ಯ ಅಂದರೆ ಹಿಂಜರಿಯುವವರಿಗೆ ದಿನಕರ ದೇಸಾಯಿಯವರ ಚೌಪದಿ. ನಾಲ್ಕೇ ಸಾಲು, ಚಹಾ ಕುಡಿಯುವಷ್ಟರಲ್ಲಿ ಎರಡು ಮೂರು ಆಗುತ್ತವೆ. ಆಮೇಲೆ ಬಂಕಿಕೊಡ್ಲದಲ್ಲಿ ಮಾಸ್ತರರಾಗಿದ್ದ ಸು.ರಂ. ಎಕ್ಕುಂಡಿಯವರ ‘ಬಕುಲದ ಹೂವುಗಳು’. ಅವರು ಪದ್ಯದಲ್ಲೇ ಕತೆ ಹೇಳುತ್ತಾರೆ, ಹಾಗಾಗಿ ಕೈ ಬಿಡುವುದಿಲ್ಲ.

ಅರ್ಧಕ್ಕೆ ನಿಂತರೆ, ಪುಸ್ತಕ ಸಿಗದಿದ್ದರೆ

ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ವಾಪಸ್ ಕೊಡಿ. ದುಡ್ಡು ಕೊಟ್ಟು ಕೊಂಡದ್ದಲ್ಲವಲ್ಲ, ಗ್ರಂಥಾಲಯದ ದೊಡ್ಡ ಅನುಕೂಲವೇ ಅದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು, ಎಲ್ಲಿ ನಿಂತಿತು ಅಂತ ಬರೆದಿಡಿ. ಎರಡು ವರ್ಷದ ಮೇಲೆ ಅದೇ ಪುಸ್ತಕ ಸರಾಗವಾಗಿ ಹೋಗಬಹುದು.

ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಇಲ್ಲ ಅಂತ ಹಿಂದಿರುಗಬೇಡಿ. ಗ್ರಂಥಪಾಲಕರನ್ನು ಹೆಸರು ಹೇಳಿ ಕೇಳಿ. ಹೊರಗೆ ಹೋಗಿರಬಹುದು, ರಟ್ಟು ಹಾಕಲು ಇಟ್ಟಿರಬಹುದು, ತಪ್ಪು ಸಾಲಿನಲ್ಲಿ ಸೇರಿರಬಹುದು. ಪುಸ್ತಕವೇ ಇಲ್ಲದಿದ್ದರೆ ಲೇಖಕರು, ಪ್ರಕಾಶಕರ ಹೆಸರಿನ ಜೊತೆ ಬೇಡಿಕೆಯನ್ನು ಬರೆದು ಕೊಡಿ. ನಾಲ್ಕು ಜನ ಬರೆದುಕೊಟ್ಟರೆ ಬೆಲೆ ಇರುತ್ತದೆ. ಮೊಬೈಲಿನಲ್ಲಿ ಓದುವ ಅಭ್ಯಾಸ ಇದ್ದವರು ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು.

ಮಳೆಗಾಲದಲ್ಲಿ ಪುಸ್ತಕದ ಆರೈಕೆ

ನಮ್ಮ ಕಡೆ ಜುಲೈನಲ್ಲಿ ಚಪ್ಪಲಿಗೂ ಬೂಸು ಬರುತ್ತದೆ, ಪುಸ್ತಕದ ಗತಿ ಕೇಳಬೇಕೇ. ತರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನಿ, ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆಯಿರಿ. ಒಳಗೇ ಬಿಟ್ಟರೆ ಬೆವೆತು ಬೂಸು ಹಿಡಿಯುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ. ಹಾಳೆ ಒದ್ದೆಯಾದರೆ ಒಲೆಯ ಮೇಲೆ, ಬಿಸಿಲಿನಲ್ಲಿ ಒಣಗಿಸಬೇಡಿ; ಕಾಗದ ಸುರುಟಿಕೊಳ್ಳುತ್ತದೆ. ಹಾಳೆಗಳ ನಡುವೆ ಹಳೆಯ ಪೇಪರ್ ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಿ, ಗಂಟೆಗೊಮ್ಮೆ ಪೇಪರ್ ಬದಲಿಸಿ. ಬೂಸು ಕಂಡರೆ ಒಣ ಬಟ್ಟೆಯಿಂದ ಹೊರಗೆ ಒಯ್ದು ಒರೆಸಿ. ಕಳೆದುಹೋದರೆ ಮುಚ್ಚಿಡದೆ ಹೋಗಿ ಹೇಳಿ.

ಓದಲಾಗದವರಿಗೆ ಓದಿ ಹೇಳಿ

ಕೊನೆಕೊಯ್ಲಿನ ಮಾತು ಹೇಳಿದೆನಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಎಲ್ಲರ ಕೈಗೂ ಕೆಲಸ, ಕಿವಿ ಮಾತ್ರ ಖಾಲಿ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಅತ್ತೆಗೆ ಕಣ್ಣು ಮಂಜಾಯಿತು. ಒಂದು ಕಾಲದಲ್ಲಿ ತ್ರಿವೇಣಿಯವರ ಕಾದಂಬರಿಗಳನ್ನು ಒಂದೂ ಬಿಡದೆ ಓದಿದವರು. ‘ಅಕ್ಷರ ಎಲ್ಲಾ ಸಣ್ಣ ಆಗೋಯ್ದು ತಂಗೀ’ ಅಂದರು. ಮಾರನೇ ರಾತ್ರಿ ಮೆಟ್ಟುಗತ್ತಿಯ ಮುಂದೆ ಏಳು ಜನ ಕೂತಿದ್ದರು. ನಾನು ದೀಪದ ಕೆಳಗೆ ಕೂತು ‘ಬೆಟ್ಟದ ಜೀವ’ ಓದಲು ಶುರು ಮಾಡಿದೆ.

ಗಟ್ಟಿಯಾಗಿ ಓದುವಾಗ ಕೆಲವು ವಿಷಯ ಗಮನದಲ್ಲಿಡಿ. ಅರ್ಧ ಗಂಟೆಗಿಂತ ಜಾಸ್ತಿ ಬೇಡ, ಗಂಟಲು ನಿಲ್ಲುವುದಿಲ್ಲ. ಮಾತುಕತೆ ಜಾಸ್ತಿ ಇರುವ ಪುಸ್ತಕ ಆರಿಸಿ. ಹಿಂದಿನ ದಿನದ ಕತೆಯನ್ನು ಕೇಳುವವರ ಬಾಯಲ್ಲೇ ಎರಡು ಮಾತಿನಲ್ಲಿ ಹೇಳಿಸಿ, ಆಮೇಲೆ ಮುಂದೆ ಹೋಗಿ. ಯಾರಾದರೂ ನಡುವೆ ತಮ್ಮ ಕತೆ ತೆಗೆದರೆ ಓದು ನಿಲ್ಲಿಸಿ ಕೇಳಿ.

ಹನ್ನೊಂದು ರಾತ್ರಿಗೆ ಪುಸ್ತಕ ಮುಗಿಯಿತು. ಅವತ್ತು ಭಾನುವಾರ. ಅತ್ತೆ ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುತ್ತಾ, ಇನ್ನೊಂದು ಯಾವಾಗ ತರುತ್ತೀ ಅಂತ ಕೇಳಿದರು. ನಾಳೆ ಸೋಮವಾರ, ಗ್ರಂಥಾಲಯಕ್ಕೆ ರಜೆ ಅಂದೆ.

‘ಹಂಗಾರೆ ಮಂಗಳವಾರ ತಗಂಬಾ’ ಅಂದರು.